ಸಮಾಧಾನ ಹುಡುಕಿದರೆ ಬರೀ ಅಳು ಸಿಕ್ಕಿತು ಅಂದವರಿಗೆ

ಅಮ್ಮ ತೀರಿಕೊಂಡ ಮೇಲೆ ಬೈಬಲಿನ ಕೀರ್ತನೆಗಳನ್ನು ತೆರೆದೆ, ಸಮಾಧಾನದ ಬದಲು ಬರೀ ಅಳು, ದೂರು ಸಿಕ್ಕಿತು, ನಾನು ಓದುವ ರೀತಿಯೇ ತಪ್ಪಾ ಎಂದು ಕೇಳಿದ್ದೀರಿ. ತಪ್ಪೇನಿಲ್ಲ. 150 ಕೀರ್ತನೆಗಳಲ್ಲಿ ಅಳುವ ಹಾಡುಗಳೇ ಜಾಸ್ತಿ ಕಣ್ಣಿಗೆ ಬೀಳುತ್ತವೆ.

ನಮ್ಮ ತಂದೆ ಹೋದಾಗ ಬಂದವರೆಲ್ಲ 23ನೆಯದನ್ನೇ ಓದಿದರು, ಕುರುಬ ಮತ್ತು ಹಸಿರು ಹುಲ್ಲುಗಾವಲಿನದು. ಒಳ್ಳೆಯದೇ. ಆದರೆ ಆಗ ನನಗೆ ಅದು ಕಿವಿಗೇ ಇಳಿಯಲಿಲ್ಲ. ಇಳಿದದ್ದು 13ನೆಯದು. ಆರೇ ವಚನ. ಶುರುವಿನಲ್ಲೇ ನಾಲ್ಕು ಸಲ "ಎಷ್ಟು ಕಾಲ?" ಎಂದು ದೇವರನ್ನೇ ಕೇಳುತ್ತದೆ. ಕೊನೆಗೆ ಹಾಡುತ್ತೇನೆ ಅನ್ನುತ್ತದೆ. ನಾನು ಎಷ್ಟೋ ದಿನ ಆ ಕೊನೆಯವರೆಗೆ ಹೋಗದೆ ಪುಸ್ತಕ ಮುಚ್ಚಿಟ್ಟಿದ್ದೇನೆ.

ನಿಮ್ಮನ್ನು ಕಂಗೆಡಿಸಿದ 88ನೆಯದು ಇನ್ನೂ ಕಟು. ಅದು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಬರೆದವನು ಮಾತು ಬಿಟ್ಟಿಲ್ಲ ನೋಡಿ, ಹಗಲು ರಾತ್ರಿ ದೇವರನ್ನೇ ಕೂಗುತ್ತಾನೆ. ಮುನಿಸಿದ್ದರೂ ಮಾತು ಬಿಡದ ಮಗನ ಹಾಗೆ, ಅಲ್ವಾ? ಯೇಸು ಶಿಲುಬೆಯ ಮೇಲೆ "ನನ್ನನ್ನು ಯಾಕೆ ಕೈಬಿಟ್ಟೆ" ಎಂದು ಕೂಗಿದ್ದೂ 22ನೆಯ ಕೀರ್ತನೆಯ ಮೊದಲ ಸಾಲನ್ನೇ.

ದಿನಕ್ಕೆ ಒಂದೇ ಓದಿ, ಗಟ್ಟಿಯಾಗಿ. ಒಂದು ಸಾಲು ಹಿಡಿದುಕೊಂಡರೆ ಅಲ್ಲೇ ನಿಂತುಬಿಡಿ, ಉಳಿದದ್ದು ನಾಳೆಗೆ. 176 ವಚನಗಳ 119ನೆಯದನ್ನು ಸದ್ಯಕ್ಕೆ ಸುಮ್ನೆ ಬಿಟ್ಟುಬಿಡಿ.