ಮಳೆಗಾಲದಲ್ಲಿ ಗುರಿ ಸರಿದರೆ ಬೆಡ್ಡಿಂಗ್ ಬೇಕೇ?

ಮಳೆಗಾಲದಲ್ಲಿ ನಿಮ್ಮ ಮರದ ಸ್ಟಾಕಿನ (ರೈಫಲ್ ಹಿಡಿಯುವ ಭಾಗ) ಮೌಸರ್ 98 ರೈಫಲ್ ಗುರಿ ತಪ್ಪುತ್ತಿದೆ, ಎಪಾಕ್ಸಿ ಬೆಡ್ಡಿಂಗ್ (ಲೋಹದ ಭಾಗ ಸ್ಟಾಕಿನಲ್ಲಿ ಅಲುಗದೆ ಕೂರುವಂತೆ ನಡುವೆ ಎಪಾಕ್ಸಿ ಅಂಟು ತುಂಬಿ ಗಟ್ಟಿಯಾಗಿಸುವುದು) ಮಾಡಲೇ ಅಂತ ಕೇಳಿದ್ದೀರಿ ಅಲ್ವಾ? ಮೊದಲು ಒಂದು ಪರೀಕ್ಷೆ. ರೈಫಲ್ ಖಾಲಿ ಇರುವುದನ್ನು ಖಚಿತ ಮಾಡಿಕೊಳ್ಳಿ. ಬ್ಯಾರೆಲ್ ಮತ್ತು ಸ್ಟಾಕಿನ ತುದಿ ಸೇರುವಲ್ಲಿ ಬೆರಳಿಟ್ಟು, ಲೋಹದ ಭಾಗವನ್ನು ಸ್ಟಾಕಿಗೆ ಹಿಡಿದಿಡುವ ಸ್ಕ್ರೂಗಳಲ್ಲಿ ಮುಂಭಾಗದ್ದನ್ನು ಸಡಿಲಿಸಿ. ಬ್ಯಾರೆಲ್ ಅಲುಗಿದರೆ ಆಕ್ಷನ್ (ಗುಂಡು ತುಂಬಿ ಹಾರಿಸುವ ಲೋಹದ ಭಾಗ) ಸರಿಯಾಗಿ ಕೂತಿಲ್ಲ, ಸ್ಕ್ರೂ ಬಿಗಿದಾಗ ಬಾಗುತ್ತಿದೆ. ಆಗ ಬೆಡ್ಡಿಂಗ್ ಖಂಡಿತ ಮಾಡಿಸಿ, ಲೈಸೆನ್ಸ್ ಇರುವ ಕುಶಲಕರ್ಮಿಯ ಹತ್ತಿರ.

ಬೆಡ್ಡಿಂಗ್‌ನಲ್ಲಿ ಮುಖ್ಯ ಜಾಗ ರಿಕಾಯ್ಲ್ ಲಗ್, ಅಂದರೆ ಹಾರಿಸಿದಾಗಿನ ಹಿಂದೊತ್ತನ್ನು ಸ್ಟಾಕಿಗೆ ದಾಟಿಸುವ, ಆಕ್ಷನ್ ಕೆಳಗಿನ ಲೋಹದ ಉಬ್ಬು. ಅದರ ಹಿಂಬದಿ ಮಾತ್ರ ಎಪಾಕ್ಸಿಗೆ ಒತ್ತಿ ಕೂರಬೇಕು. ಮುಂದೆ, ಪಕ್ಕ, ಕೆಳಗೆ ಟೇಪ್ ಅಂಟಿಸಿ ಸ್ವಲ್ಪ ಜಾಗ ಬಿಡಬೇಕು. ಲೋಹಕ್ಕೆಲ್ಲ ಮೇಣ ಹಚ್ಚಿಲ್ಲದಿದ್ದರೆ ಆಮೇಲೆ ಬಿಡಿಸಲು ಆಗುವುದಿಲ್ಲ. ಎಪಾಕ್ಸಿ ಗಟ್ಟಿಯಾಗುವಾಗ ಸ್ಕ್ರೂ ಜಾಸ್ತಿ ಬಿಗಿಯಬಾರದು, ಬಿಗಿದರೆ ಆ ಬಾಗು ಹಾಗೇ ಅಚ್ಚಾಗುತ್ತದೆ. ಸ್ಟಾಕಿನ ಒಳಗಿನ ಬರಿ ಮರಕ್ಕೂ ವಾರ್ನಿಷ್ ಹೊಡೆಸಿ. ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ.