ಫಿಜಿಷಿಯನ್ ಅಸಿಸ್ಟೆಂಟ್ ಓದಿದವರು ಗರ್ಭಪಾತ ಮಾಡಬಹುದಾ?

ನಿಮ್ಮ ತಂಗಿ ಮಗಳು ಕ್ಯಾಲಿಫೋರ್ನಿಯಾದಲ್ಲಿ ಫಿಜಿಷಿಯನ್ ಅಸಿಸ್ಟೆಂಟ್, ಅಂದರೆ ಡಾಕ್ಟರ್ ಜೊತೆ ಸೇರಿ ರೋಗಿಗಳನ್ನು ನೋಡುವ ಪಿಎ, ಓದುತ್ತಿದ್ದಾಳೆ. ಡಾಕ್ಟರ್ ಅಲ್ಲದಿದ್ದರೂ ಗರ್ಭಪಾತ ಮಾಡಬಹುದು ಅಂತಾಳೆ, ನಿಜವಾ, ಅಷ್ಟು ತರಬೇತಿ ಇರುತ್ತಾ ಅಂತ ಕೇಳಿದ್ದೀರಿ.

ನಿಜ. ನಾನೂ ಅಲ್ಲೇ ಪಿಎ. ಹಾಸನದಲ್ಲಿರುವ ನಮ್ಮಮ್ಮನ ಲೆಕ್ಕದಲ್ಲಿ ನಾನು ಇವತ್ತಿಗೂ ಕಾಂಪೌಂಡರ್‌ಗಿಂತ ಸ್ವಲ್ಪ ಮೇಲೆ, ಡಾಕ್ಟರಿಗಿಂತ ಕೆಳಗೆ. ಡಿಗ್ರಿ ಆದ ಮೇಲೆ ಎರಡು, ಎರಡೂವರೆ ವರ್ಷದ ಮಾಸ್ಟರ್ಸ್, ಆಮೇಲೆ ಪರೀಕ್ಷೆ, ಲೈಸೆನ್ಸ್. ಆದರೆ ಲೈಸೆನ್ಸ್ ಬಂತು ಅಂತ ಗರ್ಭಪಾತಕ್ಕೆ ಕೈ ಹಾಕುವ ಹಾಗಿಲ್ಲ. ಅದಕ್ಕೆ ಬೇರೆಯೇ ತರಬೇತಿ ಬೇಕು.

ಗುಳಿಗೆ ಕೊಟ್ಟು ಮಾಡಿಸುವುದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಮೊದಲೇ ಅವಕಾಶ ಇತ್ತು. ತಕರಾರು ಇದ್ದದ್ದು ಸಿರಿಂಜ್‌ನಿಂದ ಹೀರಿ ತೆಗೆಯುವ ವಿಧಾನದ ಬಗ್ಗೆ. ಅದನ್ನು ಡಾಕ್ಟರಲ್ಲದವರು ಮಾಡಿದರೆ ಅಪಾಯ ಜಾಸ್ತಿಯಾಗುತ್ತಾ ಅಂತ ನೋಡಲು 2007ರಿಂದ ಒಂದು ಪ್ರಯೋಗ ನಡೆಯಿತು. ಹೊಸ ಪದ್ಧತಿ ಪರೀಕ್ಷಿಸಲು ಕಾನೂನಿನಿಂದ ತಾತ್ಕಾಲಿಕ ವಿನಾಯಿತಿ ಕೊಡುವ ವ್ಯವಸ್ಥೆ ಆ ರಾಜ್ಯದಲ್ಲಿದೆ. 2013ರಲ್ಲಿ ಫಲಿತಾಂಶ ಬಂತು. ಒಟ್ಟು 11,487 ಗರ್ಭಪಾತ. ಡಾಕ್ಟರುಗಳು ಮಾಡಿದ್ದರಲ್ಲಿ ತೊಂದರೆ ಆದದ್ದು ಶೇ 0.9, ಪಿಎ, ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ಓದು ಓದಿದ ನರ್ಸ್) ಮತ್ತು ಮಿಡ್‌ವೈಫ್‌ಗಳು (ತರಬೇತಿ ಪಡೆದ ಸೂಲಗಿತ್ತಿಯರು) ಮಾಡಿದ್ದರಲ್ಲಿ ಶೇ 1.8. "ಡಬಲ್ ಆಯ್ತಲ್ಲ!" ಅಂತ ವಿರೋಧಿಗಳು ಹಿಡಿದುಕೊಂಡದ್ದು ಇದನ್ನೇ. ಆದರೆ ಹೆಚ್ಚಿನವು ಸಣ್ಣಪುಟ್ಟ ತೊಂದರೆಗಳು, ಅಂತರವೂ ಮೊದಲೇ ಗೊತ್ತುಮಾಡಿಕೊಂಡಿದ್ದ ಮಿತಿಯೊಳಗಿತ್ತು. ಒಂದು ಕಡೆ ಹೊಸದಾಗಿ ಕಲಿತ ಕೈ, ಇನ್ನೊಂದು ಕಡೆ ಪಳಗಿದ ಕೈ ಅನ್ನೋದನ್ನೂ ಮರೀಬಾರದು. ಅದೇ ವರ್ಷ ಗವರ್ನರ್ ಜೆರ್ರಿ ಬ್ರೌನ್ ಇದಕ್ಕೆ ಅವಕಾಶ ಕೊಡುವ ಕಾನೂನಿಗೆ ಸಹಿ ಹಾಕಿದರು. 2014ರ ಜನವರಿಯಿಂದ, ತರಬೇತಿ ಮುಗಿಸಿದ ಪಿಎಗಳು ಮೊದಲ ಮೂರು ತಿಂಗಳೊಳಗಿನ ಗರ್ಭಪಾತ ಮಾಡಬಹುದು ಅಂತಾಯಿತು. 2023ರಲ್ಲಿ ಇನ್ನೊಂದು ಕಾನೂನು ಬಂದು, ಡಾಕ್ಟರ್ ಪಕ್ಕದಲ್ಲೇ ನಿಂತಿರಬೇಕು ಅನ್ನುವ ಪ್ರಶ್ನೆಯೂ ಹೋಯಿತು. ಮೂರು ತಿಂಗಳ ಗಡಿ ಮಾತ್ರ ಹಾಗೇ ಇದೆ.

ಇನ್ನು ತರಬೇತಿ. ನನಗೆ ಕಲಿಸಿದ ಡಾಕ್ಟರ್ ಮೊದಲ ದಿನ ಸಿರಿಂಜ್ ಮುಟ್ಟಲೇ ಬಿಡಲಿಲ್ಲ. ಒಳಗಿನ ಕೋಣೆಯ ಸಿಂಕ್ ಹತ್ತಿರ ನಿಲ್ಲಿಸಿದರು. ಹೀರಿ ತೆಗೆದದ್ದನ್ನು ಜರಡಿಯಲ್ಲಿ ತೊಳೆದು, ಗಾಜಿನ ತಟ್ಟೆಯ ನೀರಿಗೆ ಹಾಕಿ, ಕೆಳಗಿನಿಂದ ಲೈಟ್ ಬಿಟ್ಟು ನೋಡಬೇಕು. ಬೆಳ್ಳಗೆ, ಹಿಂಜಿದ ಹತ್ತಿಯ ಎಳೆಗಳ ಹಾಗೆ ತೇಲುತ್ತದೆ. ಅದು ಕಾಣಿಸದಿದ್ದರೆ ಏನೋ ಒಳಗೇ ಉಳಿದಿರಬಹುದು, ಅಥವಾ ಗರ್ಭ ನಳಿಕೆಯಲ್ಲಿ ಕೂತಿರಬಹುದು. ಅದು ಜೀವಕ್ಕೇ ಅಪಾಯ. ಕೈಚಳಕ ವಾರಗಳಲ್ಲಿ ಬರುತ್ತೆ, ಈ ಕಣ್ಣು ಬರೋಕೆ ಜಾಸ್ತಿ ದಿನ ಬೇಕು. ಪ್ರತಿ ಕೇಸನ್ನೂ ಬರೆದಿಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದೆ. ಇಷ್ಟು ಕೇಸಾಯ್ತು ಅಂತ ಸುಮ್ನೆ ಬಿಡಲಿಲ್ಲ, ಅವರಿಗೆ ಭರವಸೆ ಬಂದ ಮೇಲೇ ಬಿಟ್ಟದ್ದು.

ಇದೇನು ಹೊಸ ವಿಚಾರವೂ ಅಲ್ಲ. ವರ್ಮಾಂಟ್‌ನಲ್ಲಿ 1970ರ ದಶಕದಿಂದಲೇ ಪಿಎಗಳು ಈ ಕೆಲಸ ಮಾಡುತ್ತಿದ್ದಾರೆ. ಮೊಂಟಾನಾದ ಕತೆ ಮಾತ್ರ ವಿಚಿತ್ರ. 1995ರಲ್ಲಿ ಅಲ್ಲಿ ಡಾಕ್ಟರುಗಳು ಮಾತ್ರ ಮಾಡಬೇಕು ಅಂತ ಕಾನೂನು ತಂದರು. ಆಗ ಇಡೀ ರಾಜ್ಯದಲ್ಲಿ ಈ ಕೆಲಸ ಮಾಡುತ್ತಿದ್ದ ಪಿಎ ಒಬ್ಬರೇ! 1997ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನಿನ ಪರ ನಿಂತಿತು. 1999ರಲ್ಲಿ ಮೊಂಟಾನಾದ್ದೇ ಸುಪ್ರೀಂ ಕೋರ್ಟ್, ರಾಜ್ಯದ ಸಂವಿಧಾನದಲ್ಲಿರುವ ಖಾಸಗಿತನದ ಹಕ್ಕು ಹಿಡಿದು ಅದನ್ನು ಹೊಡೆದುಹಾಕಿತು.

ಹಾಗಾಗಿ ಹುಡುಗಿ ಓದು ಮುಗಿಸಿ ಬೇರೆ ರಾಜ್ಯಕ್ಕೆ ಹೋಗುವುದಾದರೆ ಮೊದಲು ಅಲ್ಲಿಯ ಕಾನೂನು ನೋಡಲಿ. ಟೆಕ್ಸಾಸ್‌ನಲ್ಲಿ ಡಾಕ್ಟರುಗಳ ಕೈಯೇ ಕಟ್ಟಿಹಾಕಿದ್ದಾರೆ, ಪಿಎ ಮಾತು ಇನ್ನೆಲ್ಲಿ. ವಾಪಸ್ ಬೆಂಗಳೂರಿಗೆ ಬಂದರೂ ಈ ಕೆಲಸ ಮಾಡೋಕಾಗಲ್ಲ. ನಮ್ಮ 1971ರ ಕಾನೂನಿನಲ್ಲಿ ನೋಂದಾಯಿತ ಡಾಕ್ಟರ್ ಮಾತ್ರ. ಬರೀ ಎಂಬಿಬಿಎಸ್ ಆದವರೂ, 12 ವಾರದೊಳಗಿನದಕ್ಕೆ, 25 ಕೇಸಿನಲ್ಲಿ ನೆರವಾಗಿ ಅದರಲ್ಲಿ 5 ಸ್ವಂತವಾಗಿ ಮಾಡಿರಬೇಕು ಅಂತ 2003ರ ನಿಯಮ ಹೇಳುತ್ತದೆ. ಅಂದರೆ ಎಣಿಕೆ ಇಲ್ಲೂ ಇದೆ, ಆದರೆ ಎಣಿಸಿಕೊಳ್ಳೋಕೇ ಮೊದಲು ಡಾಕ್ಟರ್ ಆಗಿರಬೇಕು.