ಬೋರ್‌ವೆಲ್ ನೀರಿನ ರೇಡಾನ್: ಅಡುಗೆಮನೆ ನಲ್ಲಿಗೆ ಫಿಲ್ಟರ್ ಹಾಕಿದರೆ ಸಾಕೇ?

ನಿಮ್ಮ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 200 ಬೆಕೆರೆಲ್ (ವಿಕಿರಣ ಅಳೆಯುವ ಮಾನ) ರೇಡಾನ್ ಬಂದಿದೆ, ಅಡುಗೆಮನೆ ನಲ್ಲಿಗೆ ಫಿಲ್ಟರ್ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸಾಲದು. ರೇಡಾನ್ ವಿಕಿರಣ ಸೂಸುವ ಒಂದು ಅನಿಲ. ಕುಡಿಯುವ ನೀರಿಗಿಂತ ಉಸಿರಾಡುವ ಗಾಳಿಯಿಂದಲೇ ಅಪಾಯ ಜಾಸ್ತಿ. ಷವರ್ ಬಿಟ್ಟಾಗ, ಬಟ್ಟೆ ಒಗೆಯುವಾಗ, ನೀರು ಕಾಯಿಸುವಾಗ ಅದು ನೀರು ಬಿಟ್ಟು ಮನೆಯೊಳಗೆ ಸೇರುತ್ತದೆ. ಅಡುಗೆಮನೆ ಫಿಲ್ಟರ್ ಬಚ್ಚಲುಮನೆಗೆ ಏನು ಮಾಡೀತು, ಅಲ್ವಾ?

ಆದರೆ ಗಾಬರಿ ಬೇಡ. ಮನೆಯ ಗಾಳಿ ದೊಡ್ಡದು, ಅದರಲ್ಲಿ ರೇಡಾನ್ ತೆಳುವಾಗುತ್ತದೆ; ಒಂದು ಘನ ಮೀಟರ್ ನೀರಿನಲ್ಲಿರುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲಷ್ಟು ಮಾತ್ರ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚುತ್ತದೆ ಅನ್ನುವುದು ರೂಢಿಯ ಲೆಕ್ಕ. ಲೀಟರಿಗೆ ನಿಮ್ಮ 200 ಅಂದರೆ ಘನ ಮೀಟರ್ (ಸಾವಿರ ಲೀಟರ್) ನೀರಿಗೆ 2 ಲಕ್ಷ, ಹಾಗಾಗಿ ಘನ ಮೀಟರ್ ಗಾಳಿಗೆ ಸುಮಾರು 20 ಬೆಕೆರೆಲ್. ವಿಶ್ವ ಆರೋಗ್ಯ ಸಂಸ್ಥೆ ಮನೆಯ ಗಾಳಿಗೆ ಹೇಳುವ ಮಿತಿ 100. ಹೆಚ್ಚಿನ ಮನೆಗಳಲ್ಲಿ ರೇಡಾನ್ ಬರುವುದು ನೆಲದಡಿಯ ಮಣ್ಣಿನಿಂದ, ನೆಲದ ಬಿರುಕುಗಳ ಮೂಲಕ. ಹಾಗಾಗಿ ಮೊದಲು ಗಾಳಿಯ ಪರೀಕ್ಷೆ ಮಾಡಿಸಿ. ಅದಿಲ್ಲದೆ ನೀರಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ನೀರನ್ನೇ ಸರಿಮಾಡಬೇಕಾಗಿ ಬಂದರೆ, ನೀರು ಮನೆಗೆ ಬರುವ ಮೊದಲೇ ಅದರೊಳಗೆ ಗಾಳಿ ಹಾಯಿಸುವ ವ್ಯವಸ್ಥೆ ಒಳ್ಳೆಯದು. ಚೆನ್ನಾಗಿ ಮಾಡಿದರೆ ಶೇ. 99ರವರೆಗೂ ತೆಗೆಯುತ್ತದೆ. ಹೊರಬಂದ ಅನಿಲ ಛಾವಣಿಯ ಮೇಲಕ್ಕೆ ಹೋಗಬೇಕು, ಕಿಟಕಿ ಪಕ್ಕಕ್ಕಲ್ಲ. ಇದ್ದಿಲಿನ ಫಿಲ್ಟರ್ ಕೂಡ ಹಿಡಿಯುತ್ತದೆ, ಆದರೆ ವಿಕಿರಣ ಅದರಲ್ಲೇ ಕೂಡುತ್ತಾ ಹೋಗುತ್ತದೆ. ಹಳೆಯದನ್ನು ಎಸೆಯುವುದೇ ತಲೆನೋವು.